ನಾಲ್ಕನೇ ಮೆಟ್ಟಿಲಿನಿಂದ ನೆಲದವರೆಗೆ

ಬ್ಲೌಸ್ ಹೊಲಿಯುವವರ ಮುಂದೆ ಗುಟ್ಟು ನಿಲ್ಲುವುದಿಲ್ಲ. ಮಾಗಡಿ ರಸ್ತೆಯಿಂದ ಬ್ಯಾಡರಹಳ್ಳಿಯ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಒಂದೇ ಶಟರ್ ಅಗಲದ ಅಂಗಡಿಯಲ್ಲಿ ನಾನು ಕೈ ಚಾಚಿ ನಿಂತಿದ್ದೆ. ಟೇಪು ಸುತ್ತಿದಾಕೆ "ತೋಳು ಹದಿಮೂರು" ಎಂದು ಪಕ್ಕದ ಬೇಕರಿಗೂ ಕೇಳುವ ಹಾಗೆ ಹೇಳಿ ಬರೆದುಕೊಂಡರು. ಅಳತೆಗೆಂದು ಒಯ್ದಿದ್ದ ಹಳೆಯ ಬ್ಲೌಸಿನಲ್ಲಿ ಅದು ಹನ್ನೆರಡು. "ಎಲ್ಲರಿಗೂ ಹಿಂಗೇ ಅಕ್ಕ, ನಲವತ್ತು ದಾಟಿದ್ಮೇಲೆ ತೋಳು ಏರ್‍ತದೆ. ಉದ್ದ ತೋಳು ಇಡಿಸ್ಕೊಳಿ, ಕಾಣಲ್ಲ" ಎಂದು ಪರಿಹಾರವನ್ನೂ ಅವರೇ ಕೊಟ್ಟರು. ಮಿಶಿನ್ ಮುಂದೆ ಕುಳಿತಿದ್ದ ಹುಡುಗಿ, ಇಪ್ಪತ್ತರ ಆಸುಪಾಸಿನವಳು, ಹೊಲಿಗೆಯಿಂದ ಕಣ್ಣೆತ್ತದೆ ಕೇಳಿದಳು: "ಆಂಟಿ, ಜಿಮ್ಮಿಗೆ ಹೋಗ್ದೆ ಬರೀ ಮನೇಲಿ ಮಾಡಿದ್ರೆ ತೋಳು ಶೇಪಿಗೆ ಬರತ್ತಾ? ರೀಲ್ಸಲ್ಲಿ ಬರತ್ತೆ ಅಂತಾರಲ್ಲ."

ಅವಳು ನನ್ನನ್ನು ಕೇಳಿದ್ದೇಕೋ ಗೊತ್ತಿಲ್ಲ. ನನ್ನ ಹದಿಮೂರಿಂಚು ನೋಡಿದರೆ ಈ ವಿಷಯದಲ್ಲಿ ತಿಳಿದವಳಂತೆ ಕಾಣುವ ಸಾಧ್ಯತೆ ಕಡಿಮೆ. ಆದರೂ ಪ್ರಶ್ನೆ ಮನೆವರೆಗೆ ಹಿಂಬಾಲಿಸಿ ಬಂತು.

ನಮ್ಮ ಕಡೆ ಜಿಮ್ಮಿಗೆ ಬರವಿಲ್ಲ. ಸುಂಕದಕಟ್ಟೆಯಿಂದ ಈಚೆಗೆ ಬರುತ್ತಾ ತಲೆ ಎತ್ತಿ ನೋಡಿದರೆ ಮೊಬೈಲ್ ಅಂಗಡಿಯ ಮೇಲೆ, ಔಷಧಿ ಅಂಗಡಿಯ ಮೇಲೆ, ಎರಡನೇ ಮಹಡಿಯ ಗಾಜಿನ ಹಿಂದೆ ಟ್ರೆಡ್‌ಮಿಲ್ ಮೇಲೆ ಯಾರಾದರೂ ಓಡುತ್ತಲೇ ಇರುತ್ತಾರೆ. ಪೀಣ್ಯದ ಗಾರ್ಮೆಂಟ್ಸಿಗೆ ಬೆಳಗ್ಗೆ ಹೊರಟು ಕತ್ತಲಾದ ಮೇಲೆ ಮರಳುವವಳಿಗೆ ಶುಲ್ಕ ಒಂದು ಮಾತು, ಹೊತ್ತು ಇನ್ನೊಂದು ಮಾತು. ಸಂಜೆ ಏಳರ ಮೇಲೆ ಜಿಮ್ಮಿನಲ್ಲಿ ಹಾಡಿನ ಅಬ್ಬರ, ಕನ್ನಡಿ ಮುಂದೆ ಹುಡುಗರ ಸಾಲು. ಆ ಹುಡುಗಿಯ ಪ್ರಶ್ನೆಯೊಳಗೆ ಇದೆಲ್ಲ ಇತ್ತು. ಮನೆಯಲ್ಲಿ, ತನ್ನ ಮೈಭಾರ ಬಿಟ್ಟು ಬೇರೇನೂ ಇಲ್ಲದೆ, ಆಗುತ್ತದೆಯೇ?

ಆಗುತ್ತದೆ. ಹಾಗೆಂದು ರೀಲ್ಸು ಹೇಳುವ ಹಾಗಲ್ಲ. ಮತ್ತು ತೋಳಿನ ಹಿಂಭಾಗಕ್ಕೆ ಸುಲಭವಾಗಿ ಆಗುವುದು ಮುಂಭಾಗಕ್ಕೆ ಅಷ್ಟು ಸುಲಭವಾಗಿ ಆಗುವುದಿಲ್ಲ. ಅದನ್ನು ರೀಲ್ಸು ಹೇಳುವುದೇ ಇಲ್ಲ.

ಮೊದಲು ನೀರಿನ ಕ್ಯಾನಿನ ವಿಷಯ ಹೇಳಿಬಿಡುತ್ತೇನೆ. ಕುಡಿಯುವ ನೀರಿನ ಘಟಕದ ಮುಂದೆ ನಾಣ್ಯ ಹಾಕಿ 20 ಲೀಟರಿನ ಕ್ಯಾನು ತುಂಬಿಸಿ, ಒಂದೇ ಏಟಿಗೆ ಎತ್ತಿ ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟುಕೊಂಡು ಹೋಗುವ ಹೆಂಗಸರನ್ನು ನಾನು ದಿನವೂ ನೋಡುತ್ತೇನೆ. ನಾನೂ ಅವರಲ್ಲೊಬ್ಬಳು. ನೀರೇ 20 ಕೆ.ಜಿ. ಆಯಿತು. ಮೂರನೇ ಮಹಡಿಯ ಬಾಡಿಗೆ ಮನೆಯಾದರೆ ಅದರ ಜೊತೆ ಐವತ್ತು ಮೆಟ್ಟಿಲು. ಭಾರ ಎತ್ತಿದರೆ ತೋಳು ಬರುವುದಾದರೆ ಬ್ಯಾಡರಹಳ್ಳಿಯ ಹೆಂಗಸರೆಲ್ಲ ಇಷ್ಟು ಹೊತ್ತಿಗೆ ಮೈಸೂರು ದಸರಾ ಕುಸ್ತಿಯ ಅಖಾಡದಲ್ಲಿ ಇರಬೇಕಿತ್ತು. ಇಲ್ಲ. ಯಾಕೆಂದರೆ ಹತ್ತು ವರ್ಷದಿಂದ ಕ್ಯಾನು 20 ಲೀಟರೇ ಇದೆ. ಮೊದಲ ತಿಂಗಳು ತೋಳು ನೊಂದಿತು, ಎರಡನೇ ತಿಂಗಳಿಗೆ ಅಷ್ಟಕ್ಕೆ ಸಾಕಾಗುವಷ್ಟು ಗಟ್ಟಿಯಾಯಿತು, ಅಲ್ಲಿಗೆ ನಿಂತಿತು. ಸ್ನಾಯು ಜಿಪುಣ. ಕೇಳಿದಷ್ಟಕ್ಕಿಂತ ಒಂದು ಗುಂಜಿಯೂ ಹೆಚ್ಚು ಕೊಡುವುದಿಲ್ಲ. ಬೆಳೆಸುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಅದಕ್ಕೆ ಖರ್ಚಿದೆ. ಕೇಳುವುದನ್ನು ಏರಿಸುತ್ತಾ ಹೋದರೆ ಮಾತ್ರ ಕೊಡುತ್ತಾ ಹೋಗುತ್ತದೆ. ಮನೆಗೆಲಸ ಎಂದೂ ಏರುವುದಿಲ್ಲ, ಎಂದೂ ಮುಗಿಯುವುದೂ ಇಲ್ಲ. ಬಟ್ಟೆ ಹಿಂಡುವುದು, ನೆಲ ಒರೆಸುವುದು, ಚಪಾತಿ ಲಟ್ಟಿಸುವುದು ತೋಳನ್ನು ದಣಿಸುತ್ತವೆ, ಬೆಳೆಸುವುದಿಲ್ಲ. ದಣಿವನ್ನೇ ವ್ಯಾಯಾಮ ಎಂದುಕೊಂಡು "ದಿನಾ ಇಷ್ಟು ಕೆಲಸ ಮಾಡ್ತೀನಲ್ಲ, ನಂಗ್ಯಾಕೆ" ಎನ್ನುವ ಮಾತು ಹುಟ್ಟುವುದು ಇಲ್ಲೇ.

ಒನಕೆ, ಬೀಸುವ ಕಲ್ಲು, ಒರಳುಗಳ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರು ನನಗೆ ಸರಿಬರುವುದಿಲ್ಲ. ನಮ್ಮಜ್ಜಿಯ ತೋಳು ಹಗ್ಗದಂತೆ ಬಿಗಿಯಾಗಿತ್ತು, ನಿಜ. ಅದರಲ್ಲಿ ಒನಕೆಯ ಪಾಲೆಷ್ಟೋ ಅರೆಹೊಟ್ಟೆಯ ಪಾಲೂ ಅಷ್ಟೇ ಇತ್ತು. ಚಿತ್ರದುರ್ಗದ ಓಬವ್ವನ ಕೈಗೆ ಒನಕೆಯೇ ಸಿಕ್ಕಿದ್ದು ಆಶ್ಚರ್ಯವಲ್ಲ. ಅದು ಆ ಕಾಲದ ಪ್ರತಿ ಹೆಂಗಸಿಗೂ ಎತ್ತಿ ಅಭ್ಯಾಸವಿದ್ದ ಭಾರ. ಆ ಒನಕೆ ವಾಪಸು ಬರಲಿ ಎನ್ನುವವರು ತಾವು ಒಂದು ಸೇರು ಭತ್ತ ಕುಟ್ಟಿ ಆಮೇಲೆ ಮಾತಾಡಲಿ.

ಈಗ ತೋಳಿನೊಳಗೆ ಏನಿದೆ ನೋಡೋಣ. ಭುಜದಿಂದ ಮೊಣಕೈವರೆಗಿನ ಭಾಗದಲ್ಲಿ ಹುಡುಗರು ಮಡಚಿ ತೋರಿಸುವ ಮುಂಭಾಗದ ಉಬ್ಬು ಬೈಸೆಪ್ಸ್. ಆದರೆ ಗಾತ್ರದ ದೊಡ್ಡ ಪಾಲು ಹಿಂಭಾಗದ್ದು, ಮೂರು ತಲೆಯ ಟ್ರೈಸೆಪ್ಸ್. ಕೈ ಎತ್ತಿ ಬಸ್ಸಿನ ಸರಳು ಹಿಡಿದಾಗ ಜೋತು ಕಾಣುವುದು ಇದರ ಮೇಲಿನ ಕೊಬ್ಬು ಮತ್ತು ಚರ್ಮ. ಟೋನ್ ಆಗಬೇಕು ಎಂದು ಎಲ್ಲರೂ ಹೇಳುವ ಆ ಸ್ಥಿತಿಗೆ ದೇಹಶಾಸ್ತ್ರದಲ್ಲಿ ಬೇರೆ ಹೆಸರಿಲ್ಲ. ಒಳಗೆ ಸ್ನಾಯು ಸ್ವಲ್ಪ ಬೆಳೆದು ಮೇಲಿನ ಕೊಬ್ಬಿನ ಪದರ ಸ್ವಲ್ಪ ತೆಳುವಾದರೆ ಅದೇ ಟೋನ್. ಎರಡೂ ಸೇರಿ ಆಗುವ ಕೆಲಸ.

ಕೊಬ್ಬಿನ ವಿಷಯದಲ್ಲಿ ಕೈಗೆ ಹೇಳಿದ ಮಾತು ಕೈ ಕೇಳುವುದಿಲ್ಲ. 1971ರಲ್ಲಿ ಅಮೆರಿಕದ ವೈದ್ಯರು ಟೆನಿಸ್ ಆಟಗಾರರ ಎರಡೂ ತೋಳು ಅಳೆದು ನೋಡಿದರು. ವರ್ಷಗಟ್ಟಲೆ ಒಂದೇ ಕೈಯಲ್ಲಿ ರ‍್ಯಾಕೆಟ್ ಬೀಸಿದವರು ಅವರು. ಆ ಕೈ ಇನ್ನೊಂದಕ್ಕಿಂತ ದಪ್ಪವಾಗಿತ್ತು; ಸ್ನಾಯು ಬೆಳೆದಿತ್ತು. ಚರ್ಮದಡಿಯ ಕೊಬ್ಬು ಮಾತ್ರ ಎರಡೂ ಕೈಯಲ್ಲಿ ಒಂದೇ ದಪ್ಪ. ಕೊಬ್ಬು ಇಡೀ ಮೈಯ ಲೆಕ್ಕದಲ್ಲಿ ಕರಗುತ್ತದೆ, ಎಲ್ಲಿ ಮೊದಲು ಎಂಬುದು ಹುಟ್ಟಿನಿಂದ ಬಂದದ್ದು. "ಹದಿನೈದು ದಿನದಲ್ಲಿ ತೋಳಿನ ಬೊಜ್ಜು ಮಾಯ" ಎಂದು ಕೈಯನ್ನು ಗಾಳಿಯಲ್ಲಿ ಗರಗರ ತಿರುಗಿಸುವ ವಿಡಿಯೊಗಳಿಂದ ತಿರುಗುವುದು ಕೈಯೊಂದೇ.

ಸ್ನಾಯುವಿನ ವಿಷಯ ಬೇರೆ. ಅದು ಕೇಳಿದ ಕಡೆಯೇ ಬೆಳೆಯುತ್ತದೆ. ಕಬ್ಬಿಣದ ಭಾರವೋ ಮೈಭಾರವೋ ಎಂಬ ಭೇದವೂ ಅದಕ್ಕಿಲ್ಲ. 2017ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲಿ ಒಂದು ಗುಂಪು ಬೆಂಚ್ ಪ್ರೆಸ್ ಮಾಡಿತು, ಇನ್ನೊಂದು ಗುಂಪು ಅಷ್ಟೇ ಭಾರ ಬೀಳುವ ಹಾಗೆ ಹೊಂದಿಸಿದ ಪುಶ್‌ಅಪ್ ಮಾಡಿತು. ಎಂಟು ವಾರದ ಕೊನೆಗೆ ಎದೆ ಮತ್ತು ತೋಳಿನ ಹಿಂಭಾಗದ ಸ್ನಾಯುವಿನ ದಪ್ಪ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಏರಿತ್ತು. ಅಲ್ಲಿದ್ದವರೆಲ್ಲ ಗಂಡಸರು, ಅದೂ ಕೆಲವೇ ಮಂದಿ. ಹೆಂಗಸರ ಕಥೆಯೇನು ಎಂದರೆ, ಇಬ್ಬರಿಗೂ ಒಂದೇ ತರಬೇತಿ ಕೊಟ್ಟು ಅಳೆದ ಹಲವು ಅಧ್ಯಯನಗಳನ್ನು 2020ರಲ್ಲಿ ಒಟ್ಟಿಗೆ ಹಾಕಿ ನೋಡಿದ್ದಾರೆ. ಇದ್ದದ್ದರ ಮೇಲೆ ಎಷ್ಟು ಪಾಲು ಬೆಳೆಯಿತು ಎಂಬ ಲೆಕ್ಕದಲ್ಲಿ ಹೆಣ್ಣು ಗಂಡಿಗೆ ವ್ಯತ್ಯಾಸ ಸಿಗಲಿಲ್ಲ. ಸೊಂಟದಿಂದ ಮೇಲಿನ ಶಕ್ತಿಯ ಏರಿಕೆಯಂತೂ ಹೆಂಗಸರಲ್ಲೇ ತುಸು ಹೆಚ್ಚು. ಇದಕ್ಕೆ ನನ್ನದೊಂದು ವಿವರಣೆ ಇದೆ: ಹುಡುಗರು ಚಿಕ್ಕಂದಿನಿಂದ ಗೋಡೆ ಹತ್ತಿ, ಕೊಂಬೆಗೆ ನೇತಾಡಿ ತೋಳಿನ ಖಾತೆ ತೆರೆದಿರುತ್ತಾರೆ; ನಮ್ಮದು ತೆರೆಯದ ಖಾತೆ. ಮೊದಲ ಠೇವಣಿಗೇ ಜಾಸ್ತಿ ಬಡ್ಡಿ ಬಂದಂತೆ ಕಾಣುತ್ತದೆ.

ಶುರು ಎಲ್ಲಿ? ನೆಲದ ಮೇಲಿನ ಪುಶ್‌ಅಪ್ ಒಂದೂ ಬಾರದವರೇ ಹೆಚ್ಚು. ಮೊದಲ ದಿನ ಬೋರಲು ಬಿದ್ದು, ಅಲ್ಲೇ ಮಲಗಿ ನಕ್ಕು, ಎದ್ದು ಹೋಗಿ ಕಾಫಿ ಮಾಡಿಕೊಂಡವಳು ನಾನು. ಆಮೇಲೆ ಹೊಳೆದದ್ದು ಮೆಟ್ಟಿಲು. ಇಪ್ಪತ್ತು ಮೂವತ್ತರ, ಮೂವತ್ತು ನಲವತ್ತರ ಸೈಟುಗಳ ನಮ್ಮ ಬಡಾವಣೆಯಲ್ಲಿ ಮಹಡಿಗೆ ಹೊರಗಿನಿಂದಲೇ ಮೆಟ್ಟಿಲು. ಒಂದೊಂದು ಹೆಚ್ಚುಕಡಿಮೆ ಅರ್ಧ ಅಡಿ ಎತ್ತರ. ನಾಲ್ಕನೇ ಮೆಟ್ಟಿಲಿಗೆ ಕೈಯೂರಿದರೆ ಎರಡಡಿ, ಎರಡನೆಯದಕ್ಕೆ ಊರಿದರೆ ಒಂದಡಿ. 2011ರಲ್ಲಿ ಅಮೆರಿಕದಲ್ಲಿ ನೆಲದೊಳಗೆ ಭಾರ ಅಳೆಯುವ ಹಲಗೆ ಇಟ್ಟು ನೋಡಿದ ಲೆಕ್ಕ ನನಗೆ ಸಿಕ್ಕಿತು, ಅದರ ಎತ್ತರಗಳು ಬೇಕೆಂದೇ ನಮ್ಮ ಮೆಟ್ಟಿಲಿಗೆ ಹೊಂದಿಸಿದಂತಿದ್ದವು. ಕೈ 60 ಸೆಂ.ಮೀ. ಎತ್ತರದಲ್ಲಿದ್ದರೆ ಮೈತೂಕದ ಶೇ. 41 ತೋಳಿನ ಮೇಲೆ ಬೀಳುತ್ತದೆ, 30 ಸೆಂ.ಮೀ. ಎತ್ತರದಲ್ಲಿದ್ದರೆ ಶೇ. 55, ನೆಲದ ಮೇಲೆ ಶೇ. 64. ಮೊಣಕಾಲೂರಿ ಮಾಡಿದರೆ ಶೇ. 49. ಇನ್ನೂ ಮುಂದೆ ಹೋಗಿ ಕೈ ನೆಲದಲ್ಲೂ ಕಾಲು ನಾಲ್ಕನೇ ಮೆಟ್ಟಿಲಿನ ಮೇಲೂ ಇಟ್ಟರೆ ಶೇ. 74.

ಇದನ್ನು ನಮ್ಮ ಭಾಷೆಗೆ ತರುತ್ತೇನೆ. 60 ಕೆ.ಜಿ. ತೂಕದ ಹೆಂಗಸು ನಾಲ್ಕನೇ ಮೆಟ್ಟಿಲಿಗೆ ಕೈಯೂರಿ ಒಂದು ಸಲ ಕೆಳಗಿಳಿದು ಮೇಲೆದ್ದರೆ ಸುಮಾರು 25 ಕೆ.ಜಿ. ತಳ್ಳಿದಂತೆ, ನೀರಿನ ಕ್ಯಾನಿಗಿಂತ ಒಂದು ಬಿಂದಿಗೆಯ ಅರ್ಧದಷ್ಟು ಜಾಸ್ತಿ. ಎರಡನೇ ಮೆಟ್ಟಿಲಿಗೆ 33 ಕೆ.ಜಿ.; ತುಂಬಿದ ಅಡುಗೆ ಅನಿಲದ ಸಿಲಿಂಡರು ಸುಮಾರು 30 ತೂಗುತ್ತದೆ, ಅದಕ್ಕಿಂತ ಹೆಚ್ಚು. ನೆಲಕ್ಕೆ ಬಂದಾಗ 38. ಕ್ಯಾನು ಎಂದೂ ಬೆಳೆಯದು. ಮೆಟ್ಟಿಲಾದರೆ ಒಂದೊಂದೇ ಇಳಿಯಬಹುದು, ಇಳಿದಷ್ಟೂ ಭಾರ ಏರುತ್ತದೆ. ಜಿಮ್ಮಿನಲ್ಲಿ ಕಬ್ಬಿಣದ ಬಿಲ್ಲೆ ಸೇರಿಸುವ ಕೆಲಸವನ್ನು ಇಲ್ಲಿ ಕಟ್ಟಡ ಕಟ್ಟಿದ ಗಾರೆಯವರು ಮೊದಲೇ ಮಾಡಿಟ್ಟಿದ್ದಾರೆ. ತೀರಾ ಆಗದವರು ಗೋಡೆ, ಆಮೇಲೆ ಅಡುಗೆ ಕಟ್ಟೆ. ಸಾರು ಕುದಿಯುವ ಹೊತ್ತು ಸಾಕು.

ನಿಯಮ ಹೆಚ್ಚಿಲ್ಲ. ಕೊನೆಯ ಎರಡು ಮೂರು ಬಾರಿ ತೋಳು ನಡುಗುವಷ್ಟು ಮಾಡಬೇಕು. ಅದು ಎಂಟಕ್ಕೆ ಬಂದರೂ ಸರಿ, ಇಪ್ಪತ್ತಕ್ಕೆ ಬಂದರೂ ಸರಿ. ಸುಮಾರು ಮೂವತ್ತರವರೆಗೂ ಸ್ನಾಯುವಿಗೆ ಲಾಭ ಇದೆ ಎಂದು ತೋರಿಸಿದ ಪ್ರಯೋಗಗಳಿವೆ. ನಲವತ್ತು ಐವತ್ತು ಸರಾಗವಾಗಿ ಆಗುತ್ತಿದೆ ಎಂದರೆ ಒಂದು ಮೆಟ್ಟಿಲು ಇಳಿಯುವ ಹೊತ್ತಾಯಿತು ಎಂದರ್ಥ. ಉಸಿರು ಬಿಟ್ಟುಕೊಂಡು ಇನ್ನೆರಡು ಸುತ್ತು. ಮಾರನೇ ದಿನ ಬಿಡುವು, ಯಾಕೆಂದರೆ ಬೆಳೆಯುವುದು ಬಿಡುವಿನಲ್ಲಿ. ವಾರಕ್ಕೆ ಮೂರು ದಿನ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಬೇಕೆನ್ನುತ್ತದೆ. ನಮ್ಮ ಕಡೆ ಡಾಕ್ಟರು ಹೆಂಗಸರಿಗೆ ಬರೆದುಕೊಡುವುದು ಮಾತ್ರ ಒಂದೇ, ವಾಕಿಂಗ್.

ಇದೇನೂ ಹೊರಗಿನಿಂದ ಬಂದ ವಿದ್ಯೆಯಲ್ಲ. ಗರಡಿ ಮನೆಯಲ್ಲಿ ದಂಡ ಹೊಡೆಯುವುದು ಎಂದರೆ ಇದೇ, ಇನ್ನೂ ಚೆಲುವಾದ ರೂಪದಲ್ಲಿ: ಎದೆ ನೆಲಕ್ಕೆ ಸವರಿಕೊಂಡು ಹಾವಿನಂತೆ ಮುಂದೆ ಹೋಗಿ ತಲೆ ಎತ್ತುವ ಚಲನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' 1129ರ ಸುಮಾರಿನದು. ಮಲ್ಲರ ಅಭ್ಯಾಸವನ್ನು ಅದು ಬಗೆಬಗೆಯಾಗಿ ಹೆಸರಿಟ್ಟು ವಿಂಗಡಿಸುತ್ತದೆ: ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬಕ್ಕೆ ತೆಕ್ಕೆಹಾಯ್ದು ಏರುವ ಸ್ತಂಭಶ್ರಮ, ಬರೀ ತೋಳಿಗಾಗಿಯೇ ಇನ್ನೊಂದು ಶ್ರಮ. ಭಾರ ಎತ್ತುವುದನ್ನೂ ಮೈಯನ್ನೇ ಭಾರ ಮಾಡಿಕೊಳ್ಳುವುದನ್ನೂ ಒಂಬೈನೂರು ವರ್ಷದ ಹಿಂದೆಯೇ ಬೇರೆಬೇರೆ ಎಂದು ಗುರುತಿಸಿದ್ದರು. ಗರಡಿಯ ಬಾಗಿಲು ಹೆಣ್ಣಿಗೆ ಮುಚ್ಚಿತ್ತು ಎಂಬುದೂ ಅಷ್ಟೇ ಹಳೆಯ ಮಾತು.

ಬೆಂಗಳೂರಿನಲ್ಲಿ ಈ ವಿದ್ಯೆಗೆ ಹೊಸ ಅಂಗಿ ತೊಡಿಸಿದವರು ಕೆ.ವಿ. ಅಯ್ಯರ್. ಕೋಲಾರ ಜಿಲ್ಲೆಯ ದೇವರಾಯಸಮುದ್ರದವರು. ಅವರ ಹರ್ಕ್ಯುಲಿಸ್ ಜಿಮ್ನಾಸಿಯಂ, ಅಂಚೆಯ ಮೂಲಕ ಕಲಿಸುತ್ತಿದ್ದ ವ್ಯಾಯಾಮ ಪಾಠ, ಗ್ರೀಕ್ ಶಿಲ್ಪದಂತೆ ನಿಂತು ತೆಗೆಸಿಕೊಂಡ ಫೋಟೊಗಳು ಸಮುದ್ರದಾಚೆಗೂ ಹೆಸರಾಗಿದ್ದವು. ಕಬ್ಬಿಣ ಎತ್ತುತ್ತಿದ್ದವರೇ 1937ರಲ್ಲಿ ಸೂರ್ಯ ನಮಸ್ಕಾರದ ಮೇಲೆ ಪುಸ್ತಕ ಬರೆದರು. ಭಾರವೂ ಬೇಕು, ಬರಿಗೈ ಸಾಧನೆಯೂ ಬೇಕು ಎಂಬುದು ಅವರ ನಂಬಿಕೆ. ನಮ್ಮಲ್ಲಿ ಹೆಚ್ಚಿನವರಿಗೆ ಅವರು ಗೊತ್ತಿರುವುದು ಹೊಯ್ಸಳ ರಾಣಿಯ ಮೇಲಿನ ಕಾದಂಬರಿ 'ಶಾಂತಲಾ' ಬರೆದವರಾಗಿ. ಹೆಣ್ಣಿನ ಮನಸ್ಸಿನ ಬಗ್ಗೆ ಅಷ್ಟು ಪುಟ ಬರೆದ ಆ ಕಟ್ಟುಮಸ್ತು ಮನುಷ್ಯನ ಬಗ್ಗೆ ನನಗೆ ಹಿಂದಿನಿಂದಲೂ ಕುತೂಹಲ.

ಮೈಸೂರಿನ ಕಥೆ ಇನ್ನೂ ಹತ್ತಿರದ್ದು. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಹುಡುಗರಿಗೆ ಕಲಿಸುತ್ತಿದ್ದರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಬಂತು. 1937ರ ಹೊತ್ತಿಗೆ ರೀಗಾದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು, ಮುಂದೆ ಇಂದ್ರಾದೇವಿ ಎಂದು ಹೆಸರಾದವಳು, ನನಗೂ ಕಲಿಸಿ ಎಂದು ಬಂದಳು. ಆಚಾರ್ಯರು ಆಗದು ಎಂದರಂತೆ. ಮಹಾರಾಜರ ಮಾತಿಗೆ ಒಪ್ಪಿದರು. ಆಚಾರ್ಯರ ಶಿಷ್ಯ, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರ ಅಷ್ಟಾಂಗ ಪದ್ಧತಿ ಕಲಿಯಲು ಆಮೇಲೆ ಗೋಕುಲಂ ಬಡಾವಣೆಗೆ ಜಗತ್ತಿನ ಹೆಂಗಸರು ಬಂದರು. ಜೋಯಿಸರ ಮಗಳು ಸರಸ್ವತಿ ಅವರೇ ದಶಕಗಳ ಕಾಲ ಕಲಿಸಿದರು. ಬೆಳಗಿನ ಜಾವ ಗೋಕುಲಂನಲ್ಲಿ ಎಳನೀರು ಗಾಡಿಯ ಮುಂದೆ ನಿಂತವರ ಭುಜ, ತೋಳು ನೋಡಿ. ಡಂಬ್‌ಬೆಲ್ ಮುಟ್ಟದ, ಬರೀ ಚಾಪೆಯ ಮೇಲೆ ಮೈಭಾರ ಹೊತ್ತು ಬಂದ ತೋಳುಗಳು ಅವು. ಆ ಹುಡುಗಿಯ ಪ್ರಶ್ನೆಗೆ ಕರ್ನಾಟಕದಲ್ಲೇ ಇರುವ ಸಾಕ್ಷಿ.

ಆ ಅಷ್ಟಾಂಗ ಪದ್ಧತಿಯೊಳಗಿನ ಲೆಕ್ಕ ಹೀಗಿದೆ. ದಂಡದಂತೆ ನೆಲಕ್ಕೆ ಸಮಾನಾಂತರವಾಗಿ ಇಳಿದು ಮೈ ತಡೆಹಿಡಿಯುವ ಭಂಗಿಗೆ ಚತುರಂಗ ದಂಡಾಸನ ಎಂದು ಹೆಸರು. ಮೊದಲ ಬಗೆಯ ಸೂರ್ಯ ನಮಸ್ಕಾರದಲ್ಲಿ ಅದು ಒಂದು ಸಲ, ಎರಡನೇ ಬಗೆಯದರಲ್ಲಿ ಮೂರು ಸಲ. ಎರಡನ್ನೂ ಐದೈದು ಸುತ್ತು ಹಾಕಿದರೆ ಆಸನ ಶುರುವಾಗುವ ಮೊದಲೇ 20 ಆಯಿತು. ಆಸನಗಳ ನಡುನಡುವೆ ಮತ್ತೆ ಮತ್ತೆ. ವಾರಕ್ಕೆ ಆರು ದಿನ, ಅಮಾವಾಸ್ಯೆ ಹುಣ್ಣಿಮೆಗೆ ರಜೆ. ಕೈ ಊರಿ ಇಡೀ ಮೈ ನೆಲದಿಂದ ಎತ್ತುವ ಕಠಿಣ ಭಂಗಿಗಳು ಹಂತಹಂತವಾಗಿ ಬರುತ್ತವೆ. ಒಂದು ಕೈಗೂಡದೆ ಇನ್ನೊಂದು ಕೊಡುವುದಿಲ್ಲ. ಮೆಟ್ಟಿಲಿಳಿಯುವ ಉಪಾಯವೇ, ಸಂಸ್ಕೃತದ ಹೆಸರಿನಲ್ಲಿ.

ಆದರೆ ಅಲ್ಲೂ ಒಂದು ಕೊರತೆ ಇದೆ, ನನ್ನ ಮೆಟ್ಟಿಲಿನಲ್ಲೂ ಅದೇ ಕೊರತೆ. ಎಲ್ಲವೂ ತಳ್ಳುವುದು. ಎಳೆಯುವುದು ಎಲ್ಲೂ ಇಲ್ಲ. ತಳ್ಳಿದಾಗ ದುಡಿಯುವುದು ಎದೆ, ಭುಜದ ಮುಂಭಾಗ, ತೋಳಿನ ಹಿಂಭಾಗ. ತೋಳಿನ ಮುಂಭಾಗ ಮತ್ತು ಬೆನ್ನು ದುಡಿಯಬೇಕೆಂದರೆ ಏನನ್ನಾದರೂ ನಿಮ್ಮತ್ತ ಎಳೆಯಬೇಕು, ಇಲ್ಲವೇ ಯಾವುದಕ್ಕಾದರೂ ನೇತುಬಿದ್ದು ನೀವೇ ಅದರತ್ತ ಏರಬೇಕು. ನೆಲಕ್ಕೆ ನೇತಾಡಲಾಗುವುದಿಲ್ಲ. ಗರಡಿಯವರಿಗೆ ಇದು ಗೊತ್ತಿತ್ತು. ಅದಕ್ಕೇ ಹಗ್ಗ, ಅದಕ್ಕೇ ಕಂಬ. ಬಾವಿ ಸೇದುತ್ತಿದ್ದ ಹೆಂಗಸರಿಗೆ ಗೊತ್ತಿಲ್ಲದೆಯೇ ಇದು ಆಗುತ್ತಿತ್ತು. ನಲ್ಲಿ ಬಂದ ಮೇಲೆ ಎಳೆಯುವ ಕೆಲಸ ನಮ್ಮ ದಿನದಿಂದ ಹೆಚ್ಚುಕಡಿಮೆ ಮಾಯ. ಶಕ್ತಿ ಯೋಜನೆಯ ಟಿಕೆಟ್ ಹಿಡಿದು ಮೆಜೆಸ್ಟಿಕ್‌ವರೆಗೆ ಬಸ್ಸಿನ ಮೇಲಿನ ಸರಳಿಗೆ ಜೋತುಕೊಂಡು ಹೋಗುವುದೊಂದು ಉಳಿದಿದೆ. ಕಾಲು ನೆಲಕ್ಕಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ.

ನಮ್ಮೂರಿನ ಹೆಸರು ಈ ಹೊತ್ತಿನಲ್ಲಿ ನನ್ನನ್ನು ಕೆಣಕುತ್ತದೆ. ಬ್ಯಾಡರ ಎಂದರೆ ಬೇಡರ, ಬಿಲ್ಲು ಹಿಡಿದವರ. ಬಿಲ್ಲು ಎಂದರೆ ಎಳೆತ. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಯ ಮದನಿಕೆಯರ ಸಾಲಿನಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಬಳೆ, ತೋಳಬಂದಿ, ಹಾರ ಎಲ್ಲ ಇದೆ. ಶಿಲ್ಪಿ ಕೈಗೆ ಬಿಲ್ಲು ಕೊಟ್ಟ, ತೋಳನ್ನು ಮಾತ್ರ ಬಾಳೆದಿಂಡಿನಂತೆ ನುಣುಪಾಗಿ ಬಿಟ್ಟ. ದಿನವೂ ಆ ಬಿಲ್ಲು ಎಳೆದವಳಿಗೆ ಅಂಥ ತೋಳು ಇರಲು ಸಾಧ್ಯವಿಲ್ಲ. ಹೆಣ್ಣು ಬೇಟೆಯಾಡಬಹುದು, ಆಡಿದ ಗುರುತು ಮೈಮೇಲೆ ಕಾಣಬಾರದು ಎಂಬ ಈ ಕಟ್ಟಳೆ ಈಗಲೂ ಚಾಲ್ತಿಯಲ್ಲಿದೆ. "ಟೋನ್ ಆಗ್ಲಿ, ಗಂಡಸ್ರ ಥರ ಆಗ್ಬಾರ್ದು" ಎಂದು ನನಗೆ ಹೇಳದ ಹೆಂಗಸಿಲ್ಲ. ಆಗುವುದಿಲ್ಲ. ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಗಂಡಸರಲ್ಲಿ ಹೆಂಗಸರಿಗಿಂತ ಹತ್ತು ಹದಿನೈದು ಪಟ್ಟು ಹೆಚ್ಚು. ಪೋಸ್ಟರಿನ ಗಂಡಸರ ತೋಳು ಬಯಸುವ ಗಂಡಸರಿಗೇ ವರ್ಷಗಟ್ಟಲೆ ಬೆವರಿದರೂ ಅದು ಬರುವುದಿಲ್ಲ. ಮರೆತು ಎರಡು ಪುಶ್‌ಅಪ್ ಜಾಸ್ತಿ ಮಾಡಿ ಬೆಳಗಾಗುವುದರೊಳಗೆ ಪೈಲ್ವಾನಳಾದವಳು ಯಾರೂ ಇಲ್ಲ.

ಎಳೆಯಲು ಏನಿದೆ ಎಂದು ಹುಡುಕುತ್ತಾ ಪಾರ್ಕಿಗೆ ಹೋದೆ. ಬೆಂಗಳೂರಿನ ಪಾರ್ಕುಗಳಲ್ಲಿ ಹಳದಿ ನೀಲಿ ಬಣ್ಣದ ಓಪನ್ ಜಿಮ್ ಸಲಕರಣೆಗಳು ಇರುತ್ತವಲ್ಲ, ಸೀಟಿನ ಮೇಲೆ ಕುಳಿತು ಹಿಡಿ ಎಳೆದರೆ ಸೀಟು ಸಮೇತ ನಾವೇ ಮೇಲೇಳುವಂಥವು. ಅವುಗಳಲ್ಲಿ ಕಬ್ಬಿಣದ ಬಿಲ್ಲೆ ಇಲ್ಲ, ಎತ್ತುವುದು ನಮ್ಮದೇ ತೂಕವನ್ನು. ಅಂದರೆ ಅದೂ ಮೈಭಾರದ ವ್ಯಾಯಾಮವೇ, ಸನ್ನೆಕೋಲಿನಿಂದ ಹಗುರ ಮಾಡಿದ್ದು. ಹೊಸಬರಿಗೆ ಒಳ್ಳೆಯದು. ಏರಿಸಲು ದಾರಿಯಿಲ್ಲದ್ದರಿಂದ ಕೆಲವು ತಿಂಗಳಿಗೆ ಅದೂ ನೀರಿನ ಕ್ಯಾನಾಗುತ್ತದೆ.

ಉಳಿದದ್ದು ಅಡ್ಡ ಸರಳು, ಎಲ್ಲ ಪಾರ್ಕಿನ ಮೂಲೆಯಲ್ಲೂ ಇರುವ, ಹೆಂಗಸರು ಯಾರೂ ಮುಟ್ಟದ ಸಲಕರಣೆ. ಮೊದಲು ಬರೀ ನೇತಾಡುವುದು. ಹತ್ತು ಸೆಕೆಂಡಿಗೆ ಅಂಗೈ ಉರಿಯುತ್ತದೆ. ಅರ್ಧ ನಿಮಿಷ ನೇತಾಡಲು ಬಂದ ಮೇಲೆ ಕಲ್ಲಿನ ಬೆಂಚಿನ ಮೇಲೆ ನಿಂತು ಗಲ್ಲ ಸರಳಿನ ಮಟ್ಟಕ್ಕೆ ತಂದು, ಅಂಗೈ ಮುಖದ ಕಡೆ ತಿರುಗಿಸಿ ಹಿಡಿದು, ಬೆಂಚು ಬಿಟ್ಟು, ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ಕೆಳಗಿಳಿಯುವುದು. ಏರಲು ಶಕ್ತಿ ಇಲ್ಲದವರಿಗೂ ಇಳಿಯಲು ಶಕ್ತಿ ಇರುತ್ತದೆ. ಸ್ನಾಯು ಉದ್ದವಾಗುತ್ತಾ ತಡೆಯುವಾಗ ಹೆಚ್ಚು ಭಾರ ತಾಳುತ್ತದೆ. ಇಳಿದಿಳಿದೇ ಏರುವ ಶಕ್ತಿ ಬರುತ್ತದೆ. ಪೂರ್ತಿ ಏರಲು ತಿಂಗಳುಗಳೇ ಬೇಕು. ನನಗೆ ಇನ್ನೂ ಬಂದಿಲ್ಲ. ಮಕ್ಕಳ ಆಟದ ಜಾಗದಲ್ಲಿರುವ ಸೊಂಟದೆತ್ತರದ ಸರಳಿನಡಿ ಅಂಗಾತ ಮಲಗಿ ಎದೆಯನ್ನು ಸರಳಿಗೆ ಎಳೆದುಕೊಳ್ಳುವುದೂ ಆಗುತ್ತದೆ, ಮಕ್ಕಳು ಬಂದು ಸುತ್ತ ನಿಂತು ನೋಡಲು ಅಡ್ಡಿಯಿಲ್ಲದಿದ್ದರೆ. ಬಾಗಿಲಿಗೆ ಬೆಡ್‌ಶೀಟ್ ಕಟ್ಟಿ ಎಳೆಯುವ ವಿಡಿಯೊಗಳಿವೆ. ನಮ್ಮ ಬಾಡಿಗೆ ಮನೆಗಳ ಬಾಗಿಲು ನೋಡಿದ ಮೇಲೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಊಟದ ಮಾತು. ಸ್ನಾಯುವಿಗೆ ಬೇಕಾದ ಪ್ರೋಟೀನು ನಮ್ಮ ತಟ್ಟೆಯಲ್ಲಿ ಎಷ್ಟಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಸಾಮಾನ್ಯರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ; 60 ಕೆ.ಜಿ.ಯವಳಿಗೆ 50 ಗ್ರಾಂ. ತೋಳು ಬೆಳೆಸಬೇಕೆನ್ನುವವಳಿಗೆ ಇನ್ನೂ ಹೆಚ್ಚು ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 7 ಗ್ರಾಂ ಮಾತ್ರ, ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಮುದ್ದೆ ತಿಂದು ಪೈಲ್ವಾನರಾದರು ಎನ್ನುವಾಗ ಮುದ್ದೆಯ ಪಕ್ಕದಲ್ಲಿದ್ದದ್ದನ್ನು ಮರೆಯುತ್ತೇವೆ. ಹುರುಳಿಕಾಳಿನಲ್ಲಿ ನೂರು ಗ್ರಾಮಿಗೆ ಸುಮಾರು 22, ಕಡಲೆಕಾಯಿ ಬೀಜದಲ್ಲೂ ಅದರ ಆಸುಪಾಸು, ಒಂದು ಮೊಟ್ಟೆಯಲ್ಲಿ 6. ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡಿ ಕಾಳನ್ನು ಪಲ್ಯಕ್ಕೆ ಹಾಕುವ ನಮ್ಮ ಅಡುಗೆ ಒಳ್ಳೆಯದೇ, ಆದರೆ ಆ ಪಲ್ಯ ಯಾರ ತಟ್ಟೆಗೆ ಹೋಗುತ್ತದೆ ಎಂಬುದು ಪ್ರಶ್ನೆ. ಎಲ್ಲರಿಗೂ ಬಡಿಸಿ ಕೊನೆಗೆ ಅನ್ನಕ್ಕೆ ಸಾರಿನ ನೀರು ಸುರಿದುಕೊಂಡು ಉಣ್ಣುವ ಹೆಂಗಸಿಗೆ ಯಾವ ಮೆಟ್ಟಿಲೂ ತೋಳು ಕೊಡಲಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಎರಡು ಮೆಟ್ಟಿಲು ಹತ್ತುವಾಗಲೇ ಏದುಸಿರು ಬರುವವರು ಮೊದಲು ಹಿಮೋಗ್ಲೋಬಿನ್ ನೋಡಿಸಿಕೊಳ್ಳಲಿ. ಬಿ.ಪಿ. ಇದ್ದವರು, ಭುಜ ಹಿಡಿದುಕೊಂಡವರು ಡಾಕ್ಟರನ್ನು ಕೇಳಿ ಶುರು ಮಾಡಲಿ. ಕುರ್ಚಿಯ ಅಂಚಿಗೆ ಕೈ ಹಿಂದೆ ಊರಿ ಇಳಿಯುವ ಡಿಪ್ಸ್ ಎಂಬುದು ಭುಜಕ್ಕೆ ಕೆಟ್ಟದಾಗಿ ಎಳೆಯುತ್ತದೆ, ನಾನು ಬಿಟ್ಟೆ.

ಮೊದಲ ನಾಲ್ಕೈದು ವಾರ ಕನ್ನಡಿಯಲ್ಲಿ ಏನೂ ಕಾಣಲಿಲ್ಲ. ಶಕ್ತಿ ಮಾತ್ರ ಏರುತ್ತಿತ್ತು. ಆ ಹೊತ್ತಿನಲ್ಲಿ ಕಲಿಯುವುದು ನರಗಳು, ಸ್ನಾಯು ಆಮೇಲೆ ಬೆಳೆಯುತ್ತದೆ. ಎದುರು ಮನೆಯ ಅಜ್ಜಿ ನಾನು ಮೆಟ್ಟಿಲಿಗೆ ಬಗ್ಗಿರುವುದನ್ನು ಮೂರು ದಿನ ನೋಡಿ ನಾಲ್ಕನೇ ದಿನ ಕಾಂಪೌಂಡಿನಿಂದ ಕೇಳಿದರು, "ಏನ್ ಕಳ್ಕೊಂಡೆ ತಾಯಿ, ಓಲೆ ತಿರುಪಾ?" ನಾಲ್ಕು ತಿಂಗಳ ಮೇಲೆ ಇನ್ನೊಂದು ಬ್ಲೌಸಿಗೆ ಹೋದಾಗ ಟೇಪು ಹನ್ನೆರಡೂಮುಕ್ಕಾಲು ಅಂತು. ಬರೀ ಕಾಲಿಂಚು. ನನಗೆ ಅಳು ಬರುವುದೊಂದು ಬಾಕಿ. ಆಕೆ ಟೇಪು ಬಿಚ್ಚದೆ ಹೆಬ್ಬೆರಳಿನಿಂದ ತೋಳಿನ ಹಿಂದೆ ಒತ್ತಿ ನೋಡಿದರು, ತರಕಾರಿ ಆರಿಸುವವರ ಹಾಗೆ. "ಗಟ್ಟಿ ಆಗದೆ" ಎಂದರು. ಕೊಬ್ಬು ಹೋದ ಜಾಗಕ್ಕೆ ಸ್ನಾಯು ಬಂದರೆ ಸುತ್ತಳತೆಗೆ ಅದು ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಉದ್ದ ತೋಳಿನ ಮಾತು ಆ ದಿನ ಬರಲಿಲ್ಲ.

ಮಿಶಿನ್ ಹುಡುಗಿ ಭಾನುವಾರಗಳಂದು ಪಾರ್ಕಿಗೆ ಬರುತ್ತಾಳೆ ಈಗ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು, ಸರಳಿನತ್ತ ನೋಡುತ್ತಾ ನಿಲ್ಲುತ್ತಾಳೆ. ಹೋದ ವಾರ ರಾತ್ರಿ ಮಳೆ ಬಿದ್ದು ಸರಳು ತಣ್ಣಗಿತ್ತು. ವೇಲಿನ ತುದಿಯಿಂದ ಒರೆಸಿ, ಬೆಂಚು ಹತ್ತಿ ಹಿಡಿದುಕೊಂಡಳು. ಕಾಲು ಬಿಟ್ಟ ಕೂಡಲೇ ಗಾಜಿನ ಬಳೆಗಳೆಲ್ಲ ಜಣಜಣ ಎಂದು ಮೊಣಕೈ ಕಡೆಗೆ ಜಾರಿದವು. ವಾಕಿಂಗ್ ಮಾಡುತ್ತಿದ್ದ ಇಬ್ಬರು ಹಿರಿಯರು ನಿಂತು ನೋಡಿದರು. "ನೋಡ್ಲಿ ಬಿಡಿ, ನೀವ್ ಎಣಿಸಿ ಆಂಟಿ" ಎಂದಳು, ಹಲ್ಲು ಕಚ್ಚಿಕೊಂಡೇ. ಎಣಿಸಿದೆ. ಹದಿನೇಳಕ್ಕೆ ಕೈ ಬಿಟ್ಟಳು.